ಮೋಟಾರು ಸುಡುವುದೇಕೆ ಎಂದು ಕೇಳುವವರಿಗೆ ಎಲೆಕ್ಟ್ರಿಕಲ್ ಬಿ.ಇ.

ವರದಾ ನದಿ ತುಂಗಭದ್ರೆಯನ್ನು ಕೂಡುವ ಗಳಗನಾಥದಲ್ಲಾಗಲಿ, ರಾಣೆಬೆನ್ನೂರಿನ ಹೊಲಗಳಲ್ಲಾಗಲಿ ಬೇಸಿಗೆ ಬಂತೆಂದರೆ ರೈತರ ದೂರು ಒಂದೇ: ವೋಲ್ಟೇಜ್ ಇಲ್ಲ, ಮೋಟಾರು ಸುಟ್ಟಿತು. ಹೀಗಾಗುವುದೇಕೆ? ಇಂಡಕ್ಷನ್ ಮೋಟಾರಿನ ತಿರುಗುಬಲ ವೋಲ್ಟೇಜಿನ ವರ್ಗವನ್ನು ಅನುಸರಿಸುತ್ತದೆ. 415 ವೋಲ್ಟ್ ಇರಬೇಕಾದಲ್ಲಿ 332 ಬಂದರೆ, ಅಂದರೆ ಶೇ 80ಕ್ಕೆ ಇಳಿದರೆ, ಮೋಟಾರು ಕೊಡಬಲ್ಲ ಬಲ ಶೇ 64ಕ್ಕೆ ಕುಸಿಯುತ್ತದೆ. ನೀರೆತ್ತುವ ಹೊರೆ ಮಾತ್ರ ಇದ್ದಷ್ಟೇ ಇರುವುದರಿಂದ ಅದು ಹೆಚ್ಚು ಕರೆಂಟ್ ಎಳೆಯುತ್ತದೆ. ಕರೆಂಟ್ ಶೇ 25 ಏರಿದರೆ ಸುರುಳಿಯಲ್ಲಿ ಹುಟ್ಟುವ ಶಾಖ ಶೇ 56 ಏರುತ್ತದೆ. ಸುಟ್ಟ ಸುರುಳಿಯನ್ನು ರಿವೈಂಡಿಂಗ್ ಅಂಗಡಿಯವರು ಸೊಗಸಾಗಿ ಸುತ್ತಿಕೊಡುತ್ತಾರೆ. ಅದು ಮತ್ತೆ ಸುಡದಂತೆ ಲೈನು, ಟಿ.ಸಿ. (ಟ್ರಾನ್ಸ್‌ಫಾರ್ಮರ್), ಕೆಪಾಸಿಟರ್‌ಗಳನ್ನು ಲೆಕ್ಕ ಹಾಕಿ ಹೊಂದಿಸುವುದು ಎಲೆಕ್ಟ್ರಿಕಲ್ ಎಂಜಿನಿಯರಿನ ಕೆಲಸ. ಕಣ್ಣಿಗೆ ಕಾಣದ್ದನ್ನು ಗಣಿತದಿಂದ ಕಾಣುವುದನ್ನೇ ಈ ನಾಲ್ಕು ವರ್ಷ ಕಲಿಸುತ್ತದೆ. ಆ ಗಣಿತವನ್ನು ಊರಿನ ಪಂಪ್‌ಸೆಟ್ಟಿಗೆ ಹಚ್ಚಿ ಓದಿದವರಿಗೆ ವಿಷಯ ಒಲಿಯುತ್ತದೆ. ಬಾಯಿಪಾಠ ಮಾಡಿದವರಿಗೆ ಮೂರನೇ ಸೆಮಿಸ್ಟರಿನಲ್ಲೇ ಕೈಕೊಡುತ್ತದೆ.

ಮೊದಲ ಹೆಜ್ಜೆ ಪ್ರವೇಶದ್ದು. ಪಿಯುಸಿ ವಿಜ್ಞಾನದ ವಿದ್ಯಾರ್ಥಿಗಳಿಗೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಅಂಕಗಳಿಂದ ಅರ್ಧ, ಸಿಇಟಿ ಅಂಕಗಳಿಂದ ಅರ್ಧ ಎಣಿಸಿ ರ‍್ಯಾಂಕ್ ಕೊಡುತ್ತಾರೆ. ಡಿಪ್ಲೊಮಾ ಮುಗಿಸಿದವರು ಡಿಸಿಇಟಿ ಬರೆದು ನೇರವಾಗಿ ಎರಡನೇ ವರ್ಷಕ್ಕೆ ಸೇರಬಹುದು. ಹಾವೇರಿ ಜಿಲ್ಲೆಯಲ್ಲಿ ದೇವಗಿರಿಯ ಸರ್ಕಾರಿ ಎಂಜಿನಿಯರಿಂಗ್ ಕಾಲೇಜು, ರಾಣೆಬೆನ್ನೂರಿನ ಎಸ್‌ಟಿಜೆಐಟಿ ಇವೆ. ಹುಬ್ಬಳ್ಳಿ, ದಾವಣಗೆರೆಯೂ ದೂರವಲ್ಲ. ಆಪ್ಷನ್ ಎಂಟ್ರಿಗೆ ಮುಂಚೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಆ ವರ್ಷದ ಸೀಟು ಪಟ್ಟಿಯಲ್ಲಿ ಯಾವ ಕಾಲೇಜಿನಲ್ಲಿ ಎಲೆಕ್ಟ್ರಿಕಲ್ ವಿಭಾಗವಿದೆ ಎಂದು ಖಚಿತಪಡಿಸಿಕೊಳ್ಳಿ. ಆಮೇಲೆ ಕಾಲೇಜಿಗೇ ಹೋಗಿ ಮಷಿನ್ ಲ್ಯಾಬ್ ತೋರಿಸಲು ಕೇಳಿ. ಕಟ್ಟಡದ ಅಂದಕ್ಕಿಂತ ಅಲ್ಲಿನ ಮೋಟಾರುಗಳು ನಿಜಕ್ಕೂ ತಿರುಗುತ್ತವೆಯೇ ಎಂಬುದು ಮುಖ್ಯ.

ಮೊದಲ ವರ್ಷ ಗಣಿತ, ಭೌತಶಾಸ್ತ್ರ, ಪ್ರೋಗ್ರಾಮಿಂಗ್‌ನಂಥ ವಿಷಯಗಳಲ್ಲಿ ಕಳೆಯುತ್ತದೆ. ಕರೆಂಟಿನ ಮಾತೇ ಇಲ್ಲವಲ್ಲ ಎಂದು ಬೇಸರ ಪಡಬಾರದು. ಎರಡನೇ ವರ್ಷದಲ್ಲಿ ಸರ್ಕೀಟ್ ವಿಶ್ಲೇಷಣೆ, ಟ್ರಾನ್ಸ್‌ಫಾರ್ಮರ್, ಮೋಟಾರು ಒಟ್ಟಿಗೇ ಬರುತ್ತವೆ. ಹೆಚ್ಚಿನವರು ಎಡವುವುದು ಇಲ್ಲಿಯೇ, ಬ್ಯಾಕ್‌ಲಾಗ್ ಶುರುವಾಗುವುದೂ ಇಲ್ಲಿಯೇ. ಪಿಯುಸಿಯಲ್ಲಿ ಪರೀಕ್ಷೆಗಷ್ಟೇ ಓದಿ ಬಿಟ್ಟ ಸಂಕೀರ್ಣ ಸಂಖ್ಯೆ ಇಲ್ಲಿ ದಿನಬಳಕೆಗೆ ಬರುತ್ತದೆ. ವೋಲ್ಟೇಜಿಗಿಂತ ಕರೆಂಟ್ ಎಷ್ಟು ಹಿಂದುಳಿದಿದೆ ಎಂದು ಹೇಳಲು ಅದರಷ್ಟು ಸುಲಭದ ದಾರಿ ಇನ್ನೊಂದಿಲ್ಲ. ಉದಾಹರಣೆಗೆ 5 ಅಶ್ವಶಕ್ತಿಯ ಪಂಪ್ ತೆಗೆದುಕೊಳ್ಳಿ. ಅದು 3.73 ಕಿಲೋವ್ಯಾಟ್. ದಕ್ಷತೆ ಶೇ 80, ಪವರ್ ಫ್ಯಾಕ್ಟರ್ 0.8 ಎಂದಿಟ್ಟುಕೊಂಡರೆ 415 ವೋಲ್ಟಿನ ತ್ರೀ ಫೇಸ್ ಲೈನಿನಿಂದ ಸುಮಾರು 8.1 ಆಂಪಿಯರ್ ಎಳೆಯುತ್ತದೆ. ಮೋಟಾರಿನ ಬಳಿ ಸರಿಯಾದ ಅಳತೆಯ ಕೆಪಾಸಿಟರ್ ಹಾಕಿ ಪವರ್ ಫ್ಯಾಕ್ಟರನ್ನು 0.95ಕ್ಕೆ ಏರಿಸಿದರೆ ಲೈನಿನ ಕರೆಂಟ್ 6.8ಕ್ಕೆ ಇಳಿಯುತ್ತದೆ, ಆ ಪಂಪಿನ ಪಾಲಿಗೆ ತಂತಿಯಲ್ಲಿ ಪೋಲಾಗುವ ವಿದ್ಯುತ್ ಶೇ 29ರಷ್ಟು ತಗ್ಗುತ್ತದೆ. ಮೋಟಾರಿನ ಒಳಗಿನ ಕರೆಂಟ್ ಮಾತ್ರ ಬದಲಾಗುವುದಿಲ್ಲ. ಏಕೆಂದು ಚಿತ್ರ ಬರೆದು ವಿವರಿಸಲು ಬಂದರೆ ಆ ಸೆಮಿಸ್ಟರಿನ ಅರ್ಧ ಪಾಠ ಕೈಗೆ ಬಂದಂತೆ. ರಜೆಗೆ ಊರಿಗೆ ಬಂದಾಗ ಪಂಪಿನ ನೇಮ್‌ಪ್ಲೇಟ್ ಓದಿ, ಬರೆದುಕೊಂಡು, ಈ ಲೆಕ್ಕವನ್ನು ನೀವೇ ಮಾಡಿ. ಸ್ಟಾರ್ಟರ್ ಪೆಟ್ಟಿಗೆಯನ್ನು ಬಿಚ್ಚಬೇಡಿ, ಟಿ.ಸಿ.ಯ ಹತ್ತಿರ ಹೋಗಬೇಡಿ. ಓದಿದ ಧೈರ್ಯದಿಂದ ಜೀವ ಕಳೆದುಕೊಳ್ಳುವ ಅಪಾಯ ಇಲ್ಲಿ ನಿಜವಾದದ್ದು.

ಮೂರು, ನಾಲ್ಕನೇ ವರ್ಷದಲ್ಲಿ ಒಂದು ಯಂತ್ರದಿಂದ ಇಡೀ ಜಾಲಕ್ಕೆ ದೃಷ್ಟಿ ಹಿಗ್ಗುತ್ತದೆ: ಪವರ್ ಎಲೆಕ್ಟ್ರಾನಿಕ್ಸ್, ಕಂಟ್ರೋಲ್ ಸಿಸ್ಟಮ್ಸ್, ಪವರ್ ಸಿಸ್ಟಮ್, ರಿಲೇ ಮತ್ತು ಬ್ರೇಕರುಗಳ ರಕ್ಷಣಾ ವ್ಯವಸ್ಥೆ. 1902ರಲ್ಲಿ ಶಿವನಸಮುದ್ರದ ವಿದ್ಯುತ್ತನ್ನು ಸುಮಾರು 147 ಕಿ.ಮೀ. ದೂರದ ಕೋಲಾರ ಚಿನ್ನದ ಗಣಿಗೆ ಒಯ್ದಾಗ ಹತ್ತಾರು ಸಾವಿರ ವೋಲ್ಟ್ ಏಕೆ ಬೇಕಾಯಿತು ಎಂಬುದಕ್ಕೆ ಉತ್ತರ ಇಲ್ಲಿ ಸಿಗುತ್ತದೆ. ಅದೇ ಶಕ್ತಿಯನ್ನು ಹತ್ತು ಪಟ್ಟು ವೋಲ್ಟೇಜಿನಲ್ಲಿ ಸಾಗಿಸಿದರೆ ತಂತಿಯ ನಷ್ಟ ನೂರರಲ್ಲೊಂದಕ್ಕೆ ಇಳಿಯುತ್ತದೆ. ಇಂಟರ್ನ್‌ಶಿಪ್ಪನ್ನು ಪ್ರಮಾಣಪತ್ರಕ್ಕಾಗಿ ಎಲ್ಲೋ ಮುಗಿಸದೆ, ಅನುಮತಿ ಪಡೆದು ಸಬ್‌ಸ್ಟೇಷನ್ನಿನಲ್ಲೋ, ಬ್ಯಾಡಗಿಯ ಮೆಣಸಿನಕಾಯಿ ಶೀತಲಗೃಹಗಳಂಥ ದೊಡ್ಡ ಮೋಟಾರುಗಳಿರುವ ಕಡೆಯೋ ಮಾಡುವುದು ಲೇಸು.

ಕೊನೆಗೆ ಎಲ್ಲರೂ ಸಾಫ್ಟ್‌ವೇರ್‌ಗೆ ಹೋಗುವುದಾದರೆ ಇದೇಕೆ ಎಂಬ ಆಕ್ಷೇಪದಲ್ಲಿ ಹುರುಳಿದೆ. ಹಾಗೆ ಹೋಗುವವರು ಬಹಳ. ಕೋಡಿಂಗೇ ಗುರಿಯಾಗಿದ್ದರೆ ಕಂಪ್ಯೂಟರ್ ಸೈನ್ಸ್ ತೆಗೆದುಕೊಳ್ಳುವುದೇ ಪ್ರಾಮಾಣಿಕ ಆಯ್ಕೆ. ಆದರೆ ಸೌರವಿದ್ಯುತ್ತಿನ ಇನ್ವರ್ಟರ್, ಗದಗ ಸೀಮೆಯ ಗಾಳಿಯಂತ್ರ, ವಿದ್ಯುತ್ ವಾಹನ ಇವೆಲ್ಲ ಮೋಟಾರಿನ ಅರಿವು, ಪ್ರೋಗ್ರಾಮಿಂಗ್ ಎರಡನ್ನೂ ಬೇಡುತ್ತವೆ. ಐಟಿಐ ಕಲಿತವರೇ ಈ ಕೆಲಸ ಮಾಡುತ್ತಾರಲ್ಲ ಎನ್ನುವವರೂ ಇದ್ದಾರೆ. ಅವರ ಕೈಚಳಕ ಎಂಜಿನಿಯರಿಗೆ ಇರುವುದು ಅಪರೂಪ, ಅದನ್ನು ಅವರಿಂದಲೇ ಕಲಿಯಬೇಕು. ಹೊಸ ಲೈನಿನ ಹೊರೆ ಎಷ್ಟಿರಬೇಕೆಂಬ ತೀರ್ಮಾನಕ್ಕೆ ಮಾತ್ರ ಲೆಕ್ಕವೇ ಬೇಕು. ಕನ್ನಡ ಮಾಧ್ಯಮದಲ್ಲಿ ಓದಿದವರ ಅಳುಕು ಇದೆಲ್ಲಕ್ಕಿಂತ ದೊಡ್ಡದು. ಮೊದಲ ಕೆಲವು ತಿಂಗಳು ಇಂಗ್ಲಿಷ್ ಪಠ್ಯ ಕಷ್ಟವಾಗುವುದು ಸಹಜ. ಎಐಸಿಟಿಇಯ ಇ-ಕುಂಭ ಜಾಲತಾಣದಲ್ಲಿ ಕನ್ನಡದ ಎಂಜಿನಿಯರಿಂಗ್ ಪುಸ್ತಕಗಳಿವೆ. ವಿಷಯವನ್ನು ಕನ್ನಡದಲ್ಲಿ ಅರ್ಥ ಮಾಡಿಕೊಂಡು, ಉತ್ತರವನ್ನು ಇಂಗ್ಲಿಷಿನಲ್ಲಿ ಬರೆದು ರೂಢಿಸಿಕೊಳ್ಳಬಹುದು. ಕೆಪಿಟಿಸಿಎಲ್, ಹೆಸ್ಕಾಂ ಸಹಾಯಕ ಎಂಜಿನಿಯರ್ ಹುದ್ದೆಗಳತ್ತ ಕಣ್ಣಿದ್ದರೆ ಎರಡನೇ ವರ್ಷದ ಟಿಪ್ಪಣಿಗಳನ್ನು ಎಸೆಯಬೇಡಿ. ಆ ಪರೀಕ್ಷೆಗಳಲ್ಲೂ ಗೇಟ್‌ನಲ್ಲೂ ಸರ್ಕೀಟ್ ಮತ್ತು ಮಷಿನ್ ಪ್ರಶ್ನೆಗಳು ಬಂದೇ ಬರುತ್ತವೆ. ಗೇಟ್ ಅಂಕ ಮೂರು ವರ್ಷ ಚಾಲ್ತಿಯಲ್ಲಿರುವುದರಿಂದ ಅಂತಿಮ ವರ್ಷದಲ್ಲೇ ಒಮ್ಮೆ ಬರೆಯುವುದು ಒಳಿತು.