ಸ್ಕೂಟರ್ ಮಾರದವನ ಸೈಕಲ್ ಲೆಕ್ಕ

“ರೀ, ಸ್ಕೂಟರ್ ಇನ್ಶೂರೆನ್ಸ್ ಮೆಸೇಜ್ ಬಂದಿದೆ. ಅದನ್ನ ಮಾರ್ತೀನಿ ಅಂದು ನಾಲ್ಕು ವರ್ಷ ಆಯ್ತಲ್ವಾ?”

ಹೆಂಡತಿ ಕೇಳಿದ್ದು ಇಷ್ಟೇ. ಉತ್ತರ ಹೊಳೆಯದೆ ಹಳೇ ಲೆಕ್ಕದ ಪುಸ್ತಕ ತೆಗೆದು ಕೂತೆ.

2022ರ ಜನವರಿಯಲ್ಲಿ 46,500 ರೂಪಾಯಿಯ ಹೈಬ್ರಿಡ್ ಸೈಕಲ್ ತಂದಾಗ ಮನೆಯಲ್ಲಿ ನಾನು ಮಂಡಿಸಿದ ಬಜೆಟ್ ಭಾಷಣ ಚೆನ್ನಾಗಿ ನೆನಪಿದೆ. ಮೈಸೂರಿನ ಸರಸ್ವತಿಪುರಂನಿಂದ ಹೆಬ್ಬಾಳದ ಕೈಗಾರಿಕಾ ಪ್ರದೇಶದಲ್ಲಿರುವ ಆಫೀಸಿಗೆ ಏಳು ಕಿಲೋಮೀಟರ್. ಪೆಟ್ರೋಲ್ ನೂರು ದಾಟಿದೆ. ಎರಡೇ ವರ್ಷದಲ್ಲಿ ಸೈಕಲ್ಲಿನ ದುಡ್ಡು ವಾಪಸ್, ಆಮೇಲೆ ತುಳಿದಷ್ಟೂ ಲಾಭ, ಸ್ಕೂಟರನ್ನೂ ಮಾರಿಬಿಡೋಣ ಎಂದಿದ್ದೆ. ಪರರಿಗೆ ದುಡ್ಡಿನ ಬುದ್ಧಿ ಹೇಳುವ ನಾನು ಒಂದು ಸಣ್ಣ ಗುಣಾಕಾರವನ್ನೂ ಮಾಡಿರಲಿಲ್ಲ. ವರ್ಷಕ್ಕೆ 250 ದಿನ ಒಂದನ್ನೂ ತಪ್ಪಿಸದೆ ತುಳಿದರೂ ಉಳಿಯುವ ಪೆಟ್ರೋಲಿನ ಬೆಲೆ 9,000 ರೂಪಾಯಿಯ ಒಳಗೇ.

ಅಂಗಡಿಯಿಂದ ಹೊರಬಂದ ಸೈಕಲ್ಲಿಗೆ ಸ್ಟ್ಯಾಂಡ್ ಇರಲಿಲ್ಲ. ಬೆಲ್ಲು, ಮಡ್‌ಗಾರ್ಡು, ಕ್ಯಾರಿಯರ್ರೂ ಇಲ್ಲ. ನಮ್ಮಪ್ಪನ ಕಪ್ಪು ಅಟ್ಲಾಸ್ ಸೈಕಲ್ಲಿಗೆ ಇವೆಲ್ಲ ಹುಟ್ಟಿನಿಂದಲೇ ಇದ್ದವು, ಡೈನಮೋವನ್ನು ಮಾತ್ರ ಅವರು ಆಮೇಲೆ ಹಾಕಿಸಿದ್ದು. (ಅಟ್ಲಾಸ್ ಕಂಪನಿಯ ಕೊನೆಯ ಕಾರ್ಖಾನೆ ಸಾಹಿಬಾಬಾದಿನಲ್ಲಿ ಕೆಲಸ ನಿಲ್ಲಿಸಿದ್ದು 2020ರ ಜೂನ್ 3ರಂದು. ಅಂದು ವಿಶ್ವ ಸೈಕಲ್ ದಿನ.) ಮೊದಲ ಮಳೆಗೆ ಬಿಳಿ ಅಂಗಿಯ ಬೆನ್ನಿನುದ್ದಕ್ಕೂ ಕೆಸರಿನ ಪಟ್ಟೆ ಎದ್ದಾಗ ಮಡ್‌ಗಾರ್ಡ್ ಕೊಂಡೆ. ಆಮೇಲೆ ಹೆಲ್ಮೆಟ್, ಮುಂದೆ ಹಿಂದೆ ಲೈಟು, ಬೀಗ, ಗಾಳಿ ಹೊಡೆಯುವ ಪಂಪು, ಪ್ಯಾಡ್ ಹೊಲಿದ ಚಡ್ಡಿ ಎರಡು. ಒಟ್ಟು 14,300.

ಈಗ ಸೈಕಲ್ ಕೊಂಡ ಇಎಂಐ ವಿಷಯ. ‘ನೋ ಕಾಸ್ಟ್ ಸಾರ್, ಒಂದು ಪೈಸೆ ಬಡ್ಡಿ ಇಲ್ಲ’ ಎಂದು ಅಂಗಡಿಯ ಹುಡುಗ ಹೇಳಿದ್ದ. ಹನ್ನೆರಡು ಕಂತು, ಕಂತಿಗೆ 3,875. ಬ್ಯಾಂಕು ತನ್ನ ಪಾಡಿಗೆ ತಾನು ಶೇ 14ರ ಬಡ್ಡಿ ಹಾಕಿತ್ತು, 3,342 ರೂಪಾಯಿ. ಅಷ್ಟೇ ಮೊತ್ತವನ್ನು ಅಂಗಡಿಯವರು ರಿಯಾಯಿತಿ ಎಂದು ಮೊದಲೇ ಕಳೆದಿದ್ದರಿಂದ ಅದು ನನ್ನ ಕಣ್ಣಿಗೆ ಬೀಳಲಿಲ್ಲ. ಬಿದ್ದದ್ದು ಬಡ್ಡಿಯ ಮೇಲಿನ ಶೇ 18 ಜಿಎಸ್‌ಟಿ 602, ತೆರಿಗೆ ಸೇರಿದ ಪ್ರೊಸೆಸಿಂಗ್ ಫೀ 235. ಒಟ್ಟು 837. ಅದು ಹೋಗಲಿ ಎಂದರೆ, ಮುಂದಿನ ವಾರ ಸಹೋದ್ಯೋಗಿಯೊಬ್ಬರು ಅದೇ ಸೈಕಲ್ಲನ್ನು ನಗದು ಕೊಟ್ಟು 43,000ಕ್ಕೆ ತಂದರು. ಅಂದರೆ ಪೈಸೆ ಬಡ್ಡಿ ಇಲ್ಲದ ನನ್ನ ಸಾಲಕ್ಕೆ ತಗುಲಿದ್ದು 4,337 ರೂಪಾಯಿ. ನಗದು ಬೆಲೆಯ ಹತ್ತನೇ ಒಂದು ಭಾಗ! ಬಡ್ಡಿಯನ್ನು ಬಡ್ಡಿ ಎಂದು ಹೇಳಿ ವಸೂಲು ಮಾಡುತ್ತಿದ್ದ ನಮ್ಮೂರ ಲೇವಾದೇವಿಯವರ ಮೇಲೆ ಅಂದು ಗೌರವ ಹುಟ್ಟಿತು. ಈ ಸ್ಕೀಮಿಗೆ ಬಿದ್ದವರು ದಯವಿಟ್ಟು ನನಗೆ ‘ರಿವಾರ್ಡ್ ಪಾಯಿಂಟ್ ಬಂತು’ ಎಂದು ಹೇಳಬೇಡಿ.

ಇನ್ನು ದೊಡ್ಡ ಲೆಕ್ಕ. ಕಂತುಗಳೂ ಮೇಲಿನ 837 ರೂಪಾಯಿಯೂ ಸೇರಿ ಸೈಕಲ್ಲಿಗೆ 47,337. ಬಿಡಿ ಸಾಮಾನು 14,300. ವರ್ಷಕ್ಕೆ ಎರಡು ಸರ್ವಿಸಿನಂತೆ ನಾಲ್ಕು ವರ್ಷಕ್ಕೆ 7,200. ಎರಡು ಚೈನು, ಒಂದು ಜೊತೆ ಟೈರು, ಹಿಂದಿನ ಗೇರಿನ ಹಲ್ಲುಚಕ್ರ, ಬ್ರೇಕ್ ಪ್ಯಾಡು, ಪಂಚರಾಗಿ ಸತ್ತ ಟ್ಯೂಬುಗಳು, ಎಲ್ಲ ಸೇರಿ 11,163. ಮೊತ್ತ ಸರಿಯಾಗಿ 80,000. ಇವತ್ತು ಮಾರಿದರೆ 16,000 ಬರಬಹುದು. ಕಳೆದರೆ 64,000.

ನಾಲ್ಕು ವರ್ಷದಲ್ಲಿ ತುಳಿದದ್ದು 9,200 ಕಿಲೋಮೀಟರ್. ಆಫೀಸಿಗೆ 5,600, ಭಾನುವಾರದ ಸುತ್ತಾಟಕ್ಕೆ 3,600. ಕಿಲೋಮೀಟರಿಗೆ ಏಳು ರೂಪಾಯಿಗೆ ನಾಲ್ಕು ಪೈಸೆ ಕಡಿಮೆ. ಲೀಟರಿಗೆ 102 ರೂಪಾಯಿ, 40ರ ಮೈಲೇಜು ಎಂದು ಹಿಡಿದರೆ ನನ್ನ ಸ್ಕೂಟರ್ ಕಿಲೋಮೀಟರಿಗೆ ಕುಡಿಯುವ ಪೆಟ್ರೋಲ್ ಎರಡೂವರೆ ರೂಪಾಯಿಯದು. 5,600 ಎಂದರೆ ವರ್ಷಕ್ಕೆ ನೂರೇ ದಿನ ಎಂಬುದನ್ನೂ ಗಮನಿಸಿ. ಮಳೆ, ಮೀಟಿಂಗು, ಮೊಣಕಾಲು ನೋವು, ಬರೀ ಸೋಮಾರಿತನ, ಉಳಿದ ದಿನಗಳೆಲ್ಲ ಇವುಗಳ ಪಾಲು. ಆಫೀಸಿನ ದಾರಿಯಲ್ಲಿ ಉಳಿದ ಪೆಟ್ರೋಲ್ 140 ಲೀಟರ್, ಅಂದರೆ 14,280 ರೂಪಾಯಿ. ಹೆಲ್ಮೆಟ್ಟು, ಲೈಟು, ಚಡ್ಡಿಗಳಿಗೆ ಕೊಟ್ಟ ದುಡ್ಡಿಗೆ ಇಪ್ಪತ್ತು ರೂಪಾಯಿ ಕಡಿಮೆ. ಸೈಕಲ್ಲಿನ ಅಸಲು ಅಸಲಾಗಿಯೇ ಉಳಿದಿದೆ.

ಇದರಲ್ಲಿ ದೋಸೆ ಇನ್ನೂ ಸೇರಿಲ್ಲ. ಭಾನುವಾರ ಬೆಳಿಗ್ಗೆ ಐದೂವರೆಗೆ ಹೊರಟು ಶ್ರೀರಂಗಪಟ್ಟಣಕ್ಕೆ ಹೋಗಿ ಬರುವುದು, ಕಾಲಿನಲ್ಲಿ ಕಸುವಿದ್ದ ದಿನ ಚಾಮುಂಡಿ ಬೆಟ್ಟ ಹತ್ತುವುದು. ಇಳಿದ ಮೇಲೆ ಒಂದು ಮಸಾಲೆ, ಒಂದು ಪ್ಲೇಟ್ ಇಡ್ಲಿ, ಎರಡು ಕಾಫಿ. ಮನೆಯಲ್ಲೇ ಇದ್ದಿದ್ದರೆ ಒಗ್ಗರಣೆ ಅವಲಕ್ಕಿಯಲ್ಲಿ ಮುಗಿಯುತ್ತಿತ್ತು. ಸಲಕ್ಕೆ 130ರಂತೆ ವರ್ಷಕ್ಕೆ ಮೂವತ್ತು ಭಾನುವಾರ ಹಿಡಿದರೆ ನಾಲ್ಕು ವರ್ಷಕ್ಕೆ 15,600. ಪೆಟ್ರೋಲಿನಲ್ಲಿ ಉಳಿಸಿದ್ದಕ್ಕಿಂತ ಹೆಚ್ಚು ತಿಂದಿದ್ದೇನೆ. ಸುತ್ತಾಟದ ಕಿಲೋಮೀಟರಿಗೆ ದೋಸೆಯ ಖರ್ಚು 4 ರೂಪಾಯಿ 33 ಪೈಸೆ. ಸ್ಕೂಟರಿನ ಮೈಲೇಜೇ ವಾಸಿ.

ಈ ಖರ್ಚಿನ ಬಗ್ಗೆ ನನಗೆ ಬೇಸರವಿಲ್ಲ. ಬೆಳಗಿನ ಮಂಜಿನಲ್ಲಿ ಕಾವೇರಿ ಸೇತುವೆ ದಾಟುವುದಕ್ಕೆ ದುಡ್ಡು ಕೊಡಬಹುದು, ಸಿನಿಮಾಕ್ಕೆ ಕೊಡುವುದಿಲ್ಲವೇ? ನನಗೆ ಬೇಕಿದ್ದದ್ದು ಭಾನುವಾರದ ಸೈಕಲ್ಲು, ಅದನ್ನು ಮನೆಯವರ ಮುಂದೆ ಸೋಮವಾರದ ಹೆಸರಿನಲ್ಲಿ ಪಾಸು ಮಾಡಿಸಿಕೊಂಡೆ, ತಕರಾರು ಇರುವುದು ಅಲ್ಲಿ. ಆಫೀಸಿಗಷ್ಟೇ ಆಗಿದ್ದರೆ ಗೇರಿಲ್ಲದ, ಸ್ಟ್ಯಾಂಡು ಕ್ಯಾರಿಯರ್ ಇರುವ ಏಳೆಂಟು ಸಾವಿರದ ಸೈಕಲ್ ಧಾರಾಳವಾಗಿ ಸಾಕಿತ್ತು. ಹೆಲ್ಮೆಟ್, ಲೈಟು, ರಿಪೇರಿ ಸೇರಿಸಿದರೂ ಉಳಿದ ಪೆಟ್ರೋಲಿಗೆ ಸರಿಸಮ ಆಗುತ್ತಿತ್ತು. ಅದಕ್ಕೂ ಮೊದಲು, 2017ರಿಂದ ನಮ್ಮ ಮೈಸೂರಿನಲ್ಲೇ ಇದ್ದ ‘ಟ್ರಿಣ್ ಟ್ರಿಣ್’ ಬಾಡಿಗೆ ಸೈಕಲ್ ಒಂದು ತಿಂಗಳು ತುಳಿದಿದ್ದರೆ, ನಾನು ವರ್ಷಕ್ಕೆ ನೂರು ದಿನದ ಸವಾರ ಎಂಬುದು ಆಗಲೇ ತಿಳಿಯುತ್ತಿತ್ತು.

‘ಜಿಮ್ ಫೀಸು ಉಳೀತಲ್ಲ ಸಾರ್’ ಎನ್ನುವವರು ಇದ್ದಾರೆ. ನಾನು ಯಾವ ಜಿಮ್ಮಿಗೂ ಸೇರುವವನಾಗಿರಲಿಲ್ಲ. ಮಾಡದ ಖರ್ಚನ್ನು ಉಳಿತಾಯದ ಕಾಲಂನಲ್ಲಿ ಬರೆಯುವ ಈ ಚಾಳಿಯೇ ಮಧ್ಯಮ ವರ್ಗದ ಮನೆಗಳನ್ನು ತೂತು ಮಾಡುತ್ತಿದೆ. ನಮ್ಮ ಭಾನುವಾರದ ಗುಂಪಿನಲ್ಲೇ ನೋಡುತ್ತೇನೆ. ಹಳೇ ಸೈಕಲ್ಲಿನ ಟೈರು ಸವೆಯುವ ಮೊದಲೇ ಕಾರ್ಬನ್ ಫ್ರೇಮಿನ ಮಾತು, ಬೆಟ್ಟ ಹತ್ತಿದ ಸಮಯ ಅಳೆಯಲು ಹೊಸ ವಾಚು, ಅರ್ಧ ಕಿಲೋ ತೂಕ ಇಳಿಸಲು ಇಪ್ಪತ್ತು ಸಾವಿರದ ಚಕ್ರ. ಎರಡನೇ ಮಸಾಲೆ ಬಿಟ್ಟರೆ ಆ ಅರ್ಧ ಕಿಲೋ ಪುಕ್ಕಟೆಯಾಗಿ ಇಳಿಯುತ್ತದೆ. ಇರಲಿ, ಉಪದೇಶ ಜಾಸ್ತಿಯಾಯಿತು.

ಸ್ಕೂಟರಿಗೆ ಬರುತ್ತೇನೆ, ನಿಜವಾದ ದುಡ್ಡು ಇರುವುದು ಅಲ್ಲಿ. ಇನ್ಶೂರೆನ್ಸು, ಎರಡು ಸರ್ವಿಸು, ವರ್ಷ ವರ್ಷ ಕುಸಿಯುವ ಅದರ ಬೆಲೆ ಸೇರಿ ವರ್ಷಕ್ಕೆ 9,800 ಹೋಗುತ್ತದೆ, ನಾನು ಹತ್ತಲಿ ಬಿಡಲಿ. ನಾಲ್ಕು ವರ್ಷಕ್ಕೆ 39,200. ಸೈಕಲ್ಲಿನ 64,000ದಲ್ಲಿ ಆಫೀಸಿನ ಕಿಲೋಮೀಟರುಗಳ ಪಾಲು ಸುಮಾರು 39,000. ಅಂದರೆ ಮಾತಿನಂತೆ ಅವತ್ತೇ ಸ್ಕೂಟರ್ ಮಾರಿದ್ದರೆ ಈ ದುಬಾರಿ ಸೈಕಲ್ಲೂ ಆಫೀಸಿನ ಪಾಲಿಗೆ ಪುಕ್ಕಟೆ ಬಿದ್ದ ಹಾಗಾಗುತ್ತಿತ್ತು. ಸೈಕಲ್ ಹತ್ತದ ನೂರೈವತ್ತು ದಿನಗಳ ಬಸ್ಸು, ಆಟೋ ಖರ್ಚು ಪೆಟ್ರೋಲನ್ನು ಮೀರಿದರೆ ಕಳೆಯಬೇಕು, ನಿಜ. ಆದರೆ ಸ್ಕೂಟರ್ ಇಲ್ಲದಿದ್ದರೆ ಆ ನೂರೈವತ್ತರಲ್ಲಿ ಎಷ್ಟು ದಿನ ನಾನೇ ತುಳಿಯುತ್ತಿದ್ದೆ ಎಂಬುದು ನನ್ನ ಮೊಣಕಾಲಿಗೆ ಗೊತ್ತು.

“ಈಗ್ಲೂ ಮಾರಬಹುದು. ಅಮ್ಮನ್ನ ಆಸ್ಪತ್ರೆಗೆ ಕರ್ಕೊಂಡು ಹೋಗೋಕೆ ಆಟೋ ಸಾಕು,” ಎಂದಳು ಹೆಂಡತಿ, ನನ್ನ ಪುಸ್ತಕ ಮುಚ್ಚುತ್ತಾ.

ಹೊರಗೆ ಮಳೆ ಹನಿಯುತ್ತಿತ್ತು. ಇನ್ಶೂರೆನ್ಸ್ ಕಟ್ಟಿದೆ, 2,140 ರೂಪಾಯಿ. ಈ ಸಲ ಅದನ್ನು ಸೈಕಲ್ಲಿನ ಖರ್ಚಿನ ಪುಟದಲ್ಲಿ ಬರೆದುಕೊಂಡಿದ್ದೇನೆ.