ಹೊರಗೋಡೆಯ ಗಾರೆ ಮತ್ತು ಅದರ ಪಾಲನೆ

"ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು" ಎಂದು ಹಿರಿಯರು ಹೇಳಿದರು. ಕಟ್ಟಿದ ಮನೆಯನ್ನು ಕಾಪಾಡುವ ಕಷ್ಟವನ್ನು ಈ ಗಾದೆ ಹೇಳಲಿಲ್ಲ. ನಮ್ಮ ಓದುಗ ಬಾಂಧವರಲ್ಲಿ ಅನೇಕರು ಊರು ಬಿಟ್ಟು ಬಂದು, ವಾಳೂಜದ ಕಾರಖಾನೆಗಳಲ್ಲಿಯೂ ಗಂಗಾಪುರ ತಾಲೂಕಿನ ಇತರ ಕಡೆಗಳಲ್ಲಿಯೂ ದುಡಿದು, ಸಾಲ ಮಾಡಿ ಎರಡು ಕೋಣೆಯ ಮನೆ ಕಟ್ಟಿಕೊಂಡವರು. ಆ ಮನೆಯ ಹೊರಗೋಡೆಗೆ ಈಗ ಹೆಚ್ಚಾಗಿ ಕೃತಕ ಗಾರೆಯನ್ನು, ಅಂದರೆ ಟೆಕ್ಸ್‌ಚರ್ ಲೇಪವನ್ನು, ಬಳಿಸುತ್ತಾರೆ. ಅದು ನೋಡಲು ಚೆಂದ. ಆದರೆ ಅದರ ಗುಣ ತಿಳಿಯದೆ ಹೋದರೆ ದೀಪಾವಳಿಯ ಬೋನಸ್ಸು ಪ್ರತಿವರ್ಷ ಗೋಡೆಯ ಪಾಲಾಗುತ್ತದೆ. ಆದುದರಿಂದ ಈ ಪಾಠ.

ಗಾರೆಯ ಮೂರು ಬಗೆ

ಇಲ್ಲಿನ ಗೌಂಡಿಗಳು ಗಿಲಾವಾ ಎನ್ನುವುದನ್ನು ಉತ್ತರ ಕರ್ನಾಟಕದವರು ಗಿಲಾವು ಎಂದೂ, ಮೈಸೂರು ಕಡೆಯವರು ಗಾರೆ ಎಂದೂ ಕರೆಯುತ್ತೇವೆ. ಮೊದಲನೆಯದು ಸುಣ್ಣದ ಗಾರೆ. ಛತ್ರಪತಿ ಸಂಭಾಜಿನಗರದ ಬೀಬಿ ಕಾ ಮಕಬರಾವನ್ನು ನೀವು ನೋಡಿರಬಹುದು. 17ನೆಯ ಶತಮಾನದಲ್ಲಿ ಔರಂಗಜೇಬನ ಪತ್ನಿ ದಿಲ್‌ರಾಸ್ ಬಾನು ಬೇಗಮಳ ನೆನಪಿಗೆ ಕಟ್ಟಿದ ಆ ಗೋರಿಯಲ್ಲಿ ಅಮೃತಶಿಲೆ ಇರುವುದು ಗುಮ್ಮಟಕ್ಕೂ ಗೋಡೆಯ ಕೆಳಭಾಗಕ್ಕೂ ಮಾತ್ರ. ನಡುವೆ ಅಮೃತಶಿಲೆಯಂತೆ ಬೆಳ್ಳಗೆ ತೋರುವ ಬಹುಪಾಲು ಭಾಗ ಕಪ್ಪು ಕಲ್ಲಿನ ಮೇಲೆ ನುಣ್ಣಗೆ ತಿಕ್ಕಿದ ಗಾರೆ. ನಮ್ಮ ರಾಷ್ಟ್ರಕೂಟ ಅರಸರು ಕೊರೆಯಿಸಿದ ಎಲ್ಲೋರದ ಕೈಲಾಸ ದೇವಾಲಯದ ಮೈಮೇಲೂ ಹಳೆಯ ಗಾರೆ ಮತ್ತು ಬಣ್ಣದ ಕುರುಹುಗಳು ಉಳಿದಿವೆ. ಸುಣ್ಣದ ಗಾರೆಗೆ ಉಸಿರಾಟವಿದೆ. ಒಳಗೆ ಸೇರಿದ ತೇವವನ್ನು ಅದು ಗಾಳಿಗೆ ಬಿಟ್ಟುಕೊಡುತ್ತದೆ.

ಎರಡನೆಯದು ಸಿಮೆಂಟಿನ ಗಾರೆ. ಇದು ಗಟ್ಟಿ, ಆದರೆ ಬಾಗುವ ಗುಣವಿಲ್ಲ. ಗೋಡೆ ಅಲುಗಿದರೆ ಬಿರುಕು ಬಿಡುತ್ತದೆ. ಮೂರನೆಯದು ಕೃತಕ ಗಾರೆ. ಆಕ್ರಿಲಿಕ್ ರಾಳ, ಸಣ್ಣ ಮರಳು ಮತ್ತು ಬಣ್ಣಗಳನ್ನು ಕೂಡಿಸಿ ಸಿಮೆಂಟು ಗಾರೆಯ ಮೇಲೆ ಕೆಲವೇ ಮಿಲಿಮೀಟರು ದಪ್ಪ ಬಳಿಯುವ ಲೇಪ ಇದು. ಹೊರಗಿನ ಮಳೆಯನ್ನು ಚೆನ್ನಾಗಿ ತಡೆಯುತ್ತದೆ. ಆದರೆ ಹಿಂದಿನಿಂದ ನೀರು ಸೇರಿದರೆ ಅದನ್ನು ಬೇಗ ಹೊರಗೆ ಬಿಡುವುದಿಲ್ಲ.

ಪರದೇಶದ ಒಂದು ಪಾಠ

ಎರಡನೆಯ ಮಹಾಯುದ್ಧದ ನಂತರ ಜರ್ಮನಿಯಲ್ಲಿ ಗೋಡೆಗೆ ನೊರೆಹಲಗೆ ಅಂಟಿಸಿ, ಜಾಲರಿ ಹಾಕಿ, ಮೇಲೆ ಕೃತಕ ಗಾರೆ ಬಳಿಯುವ ಪದ್ಧತಿ ಬೆಳೆಯಿತು. 1969ರಲ್ಲಿ ಅದು ಅಮೆರಿಕಕ್ಕೆ ಹೋಯಿತು. 1990ರ ದಶಕದ ನಡುವಿನಲ್ಲಿ ಉತ್ತರ ಕ್ಯಾರೊಲೈನಾದ ವಿಲ್ಮಿಂಗ್ಟನ್ ಊರಿನಲ್ಲಿ ಇಂಥ ಮನೆಗಳನ್ನು ಪರೀಕ್ಷಿಸಿದಾಗ, ಮೇಲೆ ಚೆಂದವಾಗಿದ್ದ ಗಾರೆಯ ಹಿಂದೆ ಮರದ ಚೌಕಟ್ಟು ಕೊಳೆತಿದ್ದುದು ಕಂಡುಬಂದಿತು. ನೀರು ಗಾರೆಯ ಮುಖದಿಂದ ನುಗ್ಗಿರಲಿಲ್ಲ. ಕಿಟಕಿಯ ಸುತ್ತಲಿನ ಸಂದು, ಚಾವಣಿಯ ಕೂಡುಗಳಿಂದ ಒಳಗೆ ಹೋಗಿ, ಹೊರಗೆ ಬರಲು ದಾರಿ ಸಿಗದೆ ನಿಂತಿತ್ತು.

ನಮ್ಮ ಮನೆಗಳು ಇಟ್ಟಿಗೆ ಮತ್ತು ಕಾಂಕ್ರೀಟಿನವು. ಅವು ಮರದಂತೆ ಕೊಳೆಯುವುದಿಲ್ಲ. ಆದರೂ ನಿಯಮ ಒಂದೇ. ಒಳಗೆ ನಿಂತ ನೀರಿನಿಂದ ಲೇಪ ಗುಳ್ಳೆ ಏಳುತ್ತದೆ, ಬಿಳಿಯ ಲವಣ ಹೊರಬೀಳುತ್ತದೆ, ಕಾಂಕ್ರೀಟಿನೊಳಗಿನ ಕಬ್ಬಿಣ ತುಕ್ಕು ಹಿಡಿದು ಉಬ್ಬಿ ಗಾರೆಯನ್ನು ಕೆಡಹುತ್ತದೆ. ಒಳಗೋಡೆಗೆ ಬೂಷ್ಟು ಹಿಡಿದರೆ ಉಬ್ಬಸವಿರುವ ಮಕ್ಕಳಿಗೂ ಮುದುಕರಿಗೂ ತೊಂದರೆ ಹೆಚ್ಚು. ಆದುದರಿಂದ ಇದು ಕೇವಲ ಅಂದದ ಮಾತಲ್ಲ.

ಈ ನೆಲದ ಗುಣ

ಗೋದಾವರಿಯ ಈ ಬಯಲಿನಲ್ಲಿ ಎರೆಮಣ್ಣು ಹೆಚ್ಚು. ಅದು ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ. ಬೇಸಗೆಯಲ್ಲಿ ಒಣಗಿ ಬಾಯಿ ಬಿಡುತ್ತದೆ. ಪಾಯ ಸಾಕಷ್ಟು ಆಳವಿಲ್ಲದಿದ್ದರೆ ಗೋಡೆಯೂ ಅದರೊಡನೆ ಅಲುಗುತ್ತದೆ. ಕಿಟಕಿ ಬಾಗಿಲುಗಳ ಮೂಲೆಯಿಂದ ಓರೆಯಾಗಿ ಹೊರಡುವ ಬಿರುಕು ಅನೇಕ ಸಲ ಇದರ ಗುರುತು. ಮೇ ತಿಂಗಳ ಬಿಸಿಲೂ ರಾತ್ರಿಯ ತಂಪೂ ಗಾರೆಯನ್ನು ಹಿಗ್ಗಿಸಿ ಕುಗ್ಗಿಸುತ್ತವೆ.

ವರ್ಷಕ್ಕೆ ಎರಡು ಸಲ ಪರೀಕ್ಷೆ

ಮೇ ತಿಂಗಳಲ್ಲಿ ಒಮ್ಮೆ, ಮಳೆ ನಿಂತ ಮೇಲೆ ಒಮ್ಮೆ, ರಜೆಯ ದಿನ ಮನೆಯ ಸುತ್ತ ನಡೆದು ನೋಡಿರಿ.

1. ಗೋಡೆಯನ್ನು ನಾಣ್ಯದಿಂದ ತಟ್ಟಿರಿ. ಪೊಳ್ಳು ಸದ್ದು ಬಂದರೆ ಅಲ್ಲಿ ಗಾರೆ ಬಿಟ್ಟುಕೊಂಡಿದೆ.

2. ಬಿರುಕಿನ ಎರಡು ತುದಿಗಳಿಗೂ ಪೆನ್ಸಿಲಿನಿಂದ ಗೆರೆ ಹಾಕಿ ತಾರೀಖು ಬರೆಯಿರಿ. ಮುಂದಿನ ಪರೀಕ್ಷೆಯಲ್ಲಿ ಬಿರುಕು ಗೆರೆಯನ್ನು ದಾಟಿದ್ದರೆ ಅದು ಬೆಳೆಯುತ್ತಿದೆ. ಅದಕ್ಕೆ ಬರಿಯ ಬಣ್ಣ ಮದ್ದಲ್ಲ; ತಿಳಿದ ಇಂಜಿನಿಯರರಿಗೆ ತೋರಿಸಬೇಕು.

3. ಕಿಟಕಿಯ ಚೌಕಟ್ಟು, ಕೊಳವೆ ಗೋಡೆ ಹೊಗುವ ಜಾಗ, ಮಾಳಿಗೆಯ ಕೈಪಿಡಿಗೋಡೆಯ ತಲೆ, ಮಳೆನೀರಿನ ಕೊಳವೆಯ ಕೂಡು, ಇವನ್ನು ತಪ್ಪದೆ ನೋಡಿರಿ.

4. ಗೋಡೆಯ ಬುಡಕ್ಕೆ ಮಣ್ಣು, ಕಸ, ಸೌದೆ ಒತ್ತಿರಬಾರದು. ನೀರು ಗೋಡೆಯಿಂದ ದೂರ ಹರಿಯುವಂತೆ ನೆಲಕ್ಕೆ ಇಳಿಜಾರು ಇರಬೇಕು.

ತೊಳೆಯುವ ಕ್ರಮ

ಸೌಮ್ಯವಾದ ಸಾಬೂನು ನೀರು ಮತ್ತು ಮೆತ್ತನೆಯ ಬ್ರಷ್ಷು ಸಾಕು. ಕೆಳಗಿನಿಂದ ಮೇಲಕ್ಕೆ ಹಚ್ಚಿ, ಮೇಲಿನಿಂದ ಕೆಳಕ್ಕೆ ತೊಳೆಯಿರಿ. ಆಗ ಗೆರೆ ಗೆರೆಯಾಗಿ ಕಲೆ ನಿಲ್ಲುವುದಿಲ್ಲ. ತಂತಿಯ ಬ್ರಷ್ಷು, ಆಮ್ಲ, ರಭಸದ ನೀರಿನ ಯಂತ್ರ ಕೂಡದು. ಇವು ಲೇಪವನ್ನು ಹರಿಯುತ್ತವೆ. ಪಾಚಿಗೆ ತಿಳಿಯಾದ ಬ್ಲೀಚಿಂಗ್ ನೀರು ಹಚ್ಚಿ, ಸ್ವಲ್ಪ ಹೊತ್ತಿನ ಮೇಲೆ ಚೆನ್ನಾಗಿ ತೊಳೆಯಬಹುದು. ಬ್ಲೀಚಿಂಗಿನೊಡನೆ ಆಮ್ಲವನ್ನು ಎಂದಿಗೂ ಬೆರೆಸಬೇಡಿರಿ. ಅದರಿಂದ ಕ್ಲೋರಿನ್ ವಿಷಗಾಳಿ ಹುಟ್ಟುತ್ತದೆ. ವಿದ್ಯುತ್ ತಂತಿಯ ಹತ್ತಿರ ಲೋಹದ ಏಣಿ ಇಡಬೇಡಿರಿ. ಎತ್ತರದ ಕೆಲಸಕ್ಕೆ ಸರಿಯಾದ ಪರಾಂಚಿ ಕಟ್ಟಿಸಿರಿ. ಕೂಲಿ ಉಳಿಸಲು ಹೋಗಿ ಜೀವ ಕಳೆದುಕೊಳ್ಳಬಾರದು.

ದುರಸ್ತಿಯ ಕ್ರಮ

ಮೊದಲು ನೀರಿನ ಮೂಲವನ್ನು ನಿಲ್ಲಿಸಿ, ಆಮೇಲೆ ಬಿರುಕು ಮುಚ್ಚಿ, ಕೊನೆಗೆ ಬಣ್ಣ ಹಚ್ಚಬೇಕು. ಈ ಕ್ರಮವನ್ನು ತಿರುವು ಮಾಡಿದವನ ಹಣ ಮಣ್ಣುಪಾಲು. ಕೂದಲೆಳೆಯ ಬಿರುಕಿಗೆ ಧೂಳು ಒರಸಿ, ಎಳೆದರೆ ಹಿಗ್ಗುವ ಆಕ್ರಿಲಿಕ್ ಲಪ್ಪ ತುಂಬಿರಿ. ದೊಡ್ಡ ಬಿರುಕನ್ನು ಸ್ವಲ್ಪ ಅಗಲಿಸಿ ತುಂಬಬೇಕು. ಪೊಳ್ಳಾದ ಗಾರೆಯನ್ನು ಗಟ್ಟಿ ಭಾಗ ಸಿಗುವವರೆಗೆ ಚೌಕವಾಗಿ ಕತ್ತರಿಸಿ, ಗೋಡೆಯನ್ನು ನೆನೆಸಿ, ಒಂದಕ್ಕೆ ನಾಲ್ಕರಂತೆ ಸಿಮೆಂಟು ಮರಳು ಕಲಸಿ ಹೊಸ ಗಾರೆ ಹಾಕಿರಿ. 7 ದಿನ ನೀರು ಹೊಡೆಯಬೇಕು. ಲೇಪ ಬಳಿಯುವ ಮುನ್ನ 28 ದಿನ ಬಿಡುವುದು ಒಳ್ಳೆಯದು. ಹೊಸ ಸಿಮೆಂಟಿನ ಕ್ಷಾರ ಮತ್ತು ತೇವ ಇಳಿಯದೆ ಹಚ್ಚಿದ ಬಣ್ಣ ಮಾಸುತ್ತದೆ, ಏಳುತ್ತದೆ.

ಗೋಡೆ ಒಣಗಿತೋ ಇಲ್ಲವೋ ತಿಳಿಯಲು ಸುಲಭದ ಉಪಾಯವೊಂದಿದೆ. ಒಂದು ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಪಟ್ಟಿ ಅಂಟಿಸಿ ಗೋಡೆಗೆ ಹಚ್ಚಿ, ಮರುದಿನ ತೆಗೆದು ನೋಡಿರಿ. ಒಳಮೈಯಲ್ಲಿ ನೀರಿನ ಹನಿ ಕಂಡರೆ ಇನ್ನೂ ಕಾಯಬೇಕು. ಗುತ್ತಿಗೆದಾರನು "ನಾಳೆಯೇ ಮುಗಿಸುತ್ತೇನೆ" ಎಂದು ಅವಸರಪಡಿಸಿದರೆ ಈ ಹಾಳೆಯನ್ನು ಅವನ ಎದುರಿಗೇ ತೆಗೆಯಿರಿ, ವಾದ ಬೆಳೆಯುವುದಿಲ್ಲ.

ಬಾಡಿಗೆ ಮನೆಯಲ್ಲಿರುವವರು ತೇವದ ಕಲೆ ಕಂಡ ದಿನವೇ ಮಾಲೀಕರಿಗೆ ತಾರೀಖು ಸಹಿತ ಪತ್ರ ಬರೆದು ಪ್ರತಿಯನ್ನು ಇಟ್ಟುಕೊಳ್ಳಬೇಕು. ಸ್ವಂತ ಮನೆಯವರು ಚಿಕ್ಕ ಪುಸ್ತಕವೊಂದರಲ್ಲಿ ಪರೀಕ್ಷೆಯ ದಿನ, ಕಂಡ ದೋಷ, ಮಾಡಿದ ಖರ್ಚು, ಬಳಸಿದ ಬಣ್ಣದ ಹೆಸರು ಮತ್ತು ಸಂಖ್ಯೆ ಬರೆದಿಡಬೇಕು. ಉಳಿತಾಯ ಖಾತೆಯ ಲೆಕ್ಕವನ್ನು ನಾವು ತಿಂಗಳಿಗೊಮ್ಮೆ ನೋಡುತ್ತೇವೆ. ಆ ಉಳಿತಾಯದ ಬಹುಪಾಲು ಗೋಡೆಯ ರೂಪದಲ್ಲಿ ಬಿಸಿಲು ಮಳೆಗೆ ನಿಂತಿದೆ. ಅದರ ಲೆಕ್ಕವನ್ನು ವರ್ಷಕ್ಕೆ ಎರಡು ಸಲವಾದರೂ ನೋಡೋಣ.