ಎಲ್‌ಇಡಿ ದೀಪಕ್ಕೆ ಕರೆಂಟು ಎಷ್ಟು ಬೇಕು? – ಸಂಘದ ಸಭೆಗೊಂದು ಪಾಠ



ಕೆಲವು ವರ್ಷಗಳ ಹಿಂದೆ ನಡೆದ ಒಂದು ಸಂಗತಿಯಿಂದ ಈ ಪಾಠವನ್ನು ಆರಂಭಿಸುತ್ತೇವೆ. ಹೊನ್ನಾವರ ತಾಲ್ಲೂಕಿನ ಒಂದು ಸ್ವಸಹಾಯ ಸಂಘದ ಸದಸ್ಯೆಯರು ಸಾಲ ತೆಗೆದು ಸೋಲಾರ್ ದೀಪ ಹಾಕಿಸಿದ್ದರು. ಬೆಳಕು ಇನ್ನೂ ಸ್ವಲ್ಪ ಜಾಸ್ತಿ ಇದ್ದರೆ ಒಳ್ಳೆಯದಿತ್ತು ಎಂದು ಎಲ್ಲರ ಆಸೆ. ರಿಪೇರಿ ಬಲ್ಲ ಊರಿನ ಹುಡುಗನೊಬ್ಬ ದೀಪ ಬಿಚ್ಚಿ, ಒಳಗಿದ್ದ ಒಂದು ಸಣ್ಣ ರೆಸಿಸ್ಟರನ್ನು ಬದಲಾಯಿಸಿದ. ಅದೇ ರಾತ್ರಿ ಮನೆ ಬೆಳ್ಳಗೆ ಬೆಳಗಿತು. ಸಭೆಯಲ್ಲಿ ಚಪ್ಪಾಳೆ ತಟ್ಟಿದವರಲ್ಲಿ ನಾವೂ ಇದ್ದೆವು. "ಉಳಿದ ಮನೆಗೂ ಹಾಗೇ ಮಾಡಿಸಿ" ಎಂದು ಹೇಳಿದವರೂ ನಾವೇ.

ಮುಂದಿನ ಮಳೆಗಾಲದಲ್ಲಿ ಆ ಮನೆಗಳಿಗೆ ಭೇಟಿ ಕೊಟ್ಟಾಗ ಒಬ್ಬ ಅಕ್ಕ ಹೇಳಿದರು: "ಸಿಸ್ಟರ್, ಲೈಟು ಉರೀತದೆ, ಆದ್ರೆ ಸೂಜಿಗೆ ದಾರ ಹಾಕ್ಲಿಕ್ಕೆ ಆಗ್ತಿಲ್ಲ. ನನ್ನ ಕಣ್ಣೇ ಹೋಯ್ತು ಕಾಣ್ತದೆ." ಕಣ್ಣಿನ ಡಾಕ್ಟರಿಗೆ ತೋರಿಸಲು ಅವರು ಹಣ ಕೂಡಿಡುತ್ತಿದ್ದರು. ಮಂಕಾದದ್ದು ಅವರ ಕಣ್ಣಲ್ಲ, ದೀಪ. ದೀಪದ ಸಾಲದ ಕಂತು ಮಾತ್ರ ಇನ್ನೂ ಬಾಕಿ ಇತ್ತು.

ತಿಳಿಯದೆ ಕೊಟ್ಟ ಸಲಹೆಗೆ ಬಡವರು ದುಡ್ಡು ತೆರಬೇಕಾಗುತ್ತದೆ. ಆದ್ದರಿಂದ ಈ ವಿಷಯವನ್ನು ನಾವು ಕಲಿತೆವು. ಈಗ ನೀವೂ ನಿಮ್ಮ ಸಭೆಯಲ್ಲಿ ಮಾಡಿ ನೋಡಬೇಕೆಂದು ಇಲ್ಲಿ ಬರೆಯುತ್ತಿದ್ದೇವೆ.

ಹಿನ್ನೆಲೆ

ಭಟ್ಕಳದಲ್ಲಿ ಮಲ್ಲಿಗೆ ಕಟ್ಟುವವರು, ಹೊನ್ನಾವರದಲ್ಲಿ ಬೆಳಗಾಗುವ ಮೊದಲೇ ಮೀನಿನ ಬುಟ್ಟಿ ಹೊರುವವರು, ಕುಮಟಾದಲ್ಲಿ ಪರೀಕ್ಷೆಗೆ ಓದುವ ಮಕ್ಕಳು – ಇವರೆಲ್ಲರ ಕೆಲಸ ದೀಪದ ಬೆಳಕಿನಲ್ಲೇ. ಕರ್ನಾಟಕದಲ್ಲಿ 1995ರಲ್ಲಿ ಹರೀಶ್ ಹಂದೆ ಮತ್ತು ನೆವಿಲ್ ವಿಲಿಯಮ್ಸ್ ಸೆಲ್ಕೋ ಸಂಸ್ಥೆಯನ್ನು ಆರಂಭಿಸಿ, ಬ್ಯಾಂಕ್ ಸಾಲದ ಮೂಲಕ ಹಳ್ಳಿಯ ಮನೆಗಳಿಗೆ ಸೋಲಾರ್ ದೀಪ ತಲುಪಿಸುವ ದಾರಿ ತೋರಿಸಿದರು. ಹಂದೆಯವರಿಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಆ ಕಾಲದ ಸೋಲಾರ್ ದೀಪಗಳಲ್ಲಿ ಇದ್ದದ್ದು ಟ್ಯೂಬ್ ಮತ್ತು ಸಿಎಫ್‌ಎಲ್. ಎಲ್‌ಇಡಿ ಬಂದದ್ದು ನಂತರ. ಬಿಳಿ ಎಲ್‌ಇಡಿಗೆ ಮೂಲವಾದ ನೀಲಿ ಎಲ್‌ಇಡಿಯನ್ನು ಸಾಧಿಸಿದ ಅಕಾಸಾಕಿ, ಅಮಾನೊ, ನಾಕಮುರಾ ಎಂಬ ಮೂವರಿಗೆ 2014ರಲ್ಲಿ ನೊಬೆಲ್ ಬಹುಮಾನ ಸಿಕ್ಕಿತು. 2015ರಲ್ಲಿ ಉಜಾಲ ಯೋಜನೆ, ನಮ್ಮ ರಾಜ್ಯದಲ್ಲಿ 'ಹೊಸ ಬೆಳಕು' ಎಂಬ ಹೆಸರಿನಿಂದ, 9 ವ್ಯಾಟಿನ ಎಲ್‌ಇಡಿ ಬಲ್ಬನ್ನು ಕಡಿಮೆ ಬೆಲೆಗೆ ಮನೆಮನೆಗೆ ತಂದಿತು.

ತಿಳಿಯಬೇಕಾದ ಮೂರು ಮಾತು

ಬಾವಿಯ ಮೇಲಿನ ಟ್ಯಾಂಕಿಯನ್ನು ನೆನಪಿಸಿಕೊಳ್ಳಿ. ಟ್ಯಾಂಕಿ ಎಷ್ಟು ಎತ್ತರದಲ್ಲಿದೆ ಎಂಬುದು ವೋಲ್ಟ್. ನಲ್ಲಿಯಲ್ಲಿ ಎಷ್ಟು ನೀರು ಹರಿಯುತ್ತದೆ ಎಂಬುದು ಕರೆಂಟು. ಇದನ್ನು ಆಂಪಿಯರ್ ಅಥವಾ ಅದರ ಸಾವಿರದಲ್ಲೊಂದು ಪಾಲಾದ ಮಿಲಿ ಆಂಪಿಯರ್‌ನಲ್ಲಿ ಅಳೆಯುತ್ತಾರೆ. ನಲ್ಲಿಯನ್ನು ಎಷ್ಟು ಬಿಗಿ ಮಾಡಿದ್ದೇವೆ ಎಂಬುದೇ ರೆಸಿಸ್ಟರ್. ಇದರ ಅಳತೆ ಓಮ್.

ಹಳೆಯ ಬುರುಡೆ ಬಲ್ಬು ತನ್ನ ಕರೆಂಟನ್ನು ತಾನೇ ಹಿಡಿತದಲ್ಲಿ ಇಟ್ಟುಕೊಳ್ಳುತ್ತಿತ್ತು. ಎಲ್‌ಇಡಿ ಹಾಗಲ್ಲ. ವೋಲ್ಟ್ ಸ್ವಲ್ಪ ಏರಿದರೂ ಅದು ಬಹಳ ಕರೆಂಟು ಎಳೆಯುತ್ತದೆ. ಆದ್ದರಿಂದ ಹೊರಗಿನಿಂದ ಯಾರಾದರೂ ನಲ್ಲಿಯನ್ನು ಹಿಡಿಯಬೇಕು. ಸಾಮಾನ್ಯ 5 ಮಿ.ಮೀ. ಬಿಳಿ ಎಲ್‌ಇಡಿಗೆ ಕಂಪನಿಯವರು ಹೇಳುವ ಕರೆಂಟು 20 ಮಿಲಿ ಆಂಪಿಯರ್. 1 ವ್ಯಾಟಿನ ಎಲ್‌ಇಡಿಗೆ 350.

ಪರೀಕ್ಷೆ: ಬೇಕಾಗುವ ಸಾಮಾನು

ಒಂದೇ ಪ್ಯಾಕೆಟಿನ 5 ಮಿ.ಮೀ. ಬಿಳಿ ಎಲ್‌ಇಡಿ ನಾಲ್ಕು, 470 ಓಮಿನ ರೆಸಿಸ್ಟರ್ ಆರು, 12 ವೋಲ್ಟಿನ ಒಳ್ಳೆಯ ಅಡಾಪ್ಟರ್ ಒಂದು, ಮಲ್ಟಿಮೀಟರ್, ಅಳತೆಪಟ್ಟಿ, ಬಿಳಿ ಕಾಗದ, ತೆಂಗಿನೆಣ್ಣೆ. ಎಲ್ಲವೂ ರೇಡಿಯೋ-ಟಿವಿ ರಿಪೇರಿ ಸಾಮಾನಿನ ಅಂಗಡಿಯಲ್ಲಿ, ಇಲ್ಲವೇ ಮನೆಯಲ್ಲೇ ಸಿಗುತ್ತವೆ. ಎಚ್ಚರಿಕೆ: 230 ವೋಲ್ಟಿನ ಮನೆಬಲ್ಬನ್ನು ಯಾರೂ ಬಿಚ್ಚಬಾರದು. ಉರಿಯುವ ಎಲ್‌ಇಡಿಯನ್ನು ಹತ್ತಿರದಿಂದ ದಿಟ್ಟಿಸಬಾರದು.

ಮಾಡುವ ವಿಧಾನ

ಮೊದಲ ಎಲ್‌ಇಡಿಗೆ ಎರಡು ರೆಸಿಸ್ಟರನ್ನು ಒಂದರ ಹಿಂದೆ ಒಂದು ಜೋಡಿಸಿ. ಎರಡನೆಯದಕ್ಕೆ ಒಂದೇ ರೆಸಿಸ್ಟರ್ ಸಾಕು. ಮೂರನೆಯದಕ್ಕೆ ಎರಡನ್ನು ಅಕ್ಕಪಕ್ಕ ಸೇರಿಸಿ. ಆಗ ಕರೆಂಟು ಕ್ರಮವಾಗಿ ಸುಮಾರು 9, 19 ಮತ್ತು 36 ಮಿಲಿ ಆಂಪಿಯರ್ ಹರಿಯುತ್ತದೆ. ಮೀಟರ್ ಏನು ತೋರಿಸುತ್ತದೋ ಅದನ್ನೇ ಪುಸ್ತಕದಲ್ಲಿ ಬರೆಯಿರಿ. ನಾಲ್ಕನೆಯ ಎಲ್‌ಇಡಿ ನಮ್ಮ ಸಾಕ್ಷಿ. ಅದಕ್ಕೆ ಉಳಿದ ಒಂದು ರೆಸಿಸ್ಟರ್ ಜೋಡಿಸಿ ಎತ್ತಿಡಿ. ಅಳೆಯುವಾಗ ಮಾತ್ರ ಐದು ನಿಮಿಷ ಹಚ್ಚಿ.

ಬೆಳಕನ್ನು ಅಳೆಯುವುದು ಹೇಗೆ? ಜರ್ಮನಿಯ ವಿಜ್ಞಾನಿ ಬುನ್ಸೆನ್ 19ನೇ ಶತಮಾನದಲ್ಲಿ ಬಳಕೆಗೆ ತಂದ ಸುಲಭ ಉಪಾಯ ಇದೆ. ಬಿಳಿ ಕಾಗದದ ನಡುವೆ ಒಂದು ಹನಿ ಎಣ್ಣೆ ಹಚ್ಚಿ ನಿಲ್ಲಿಸಿ. ಕತ್ತಲೆ ಕೋಣೆಯಲ್ಲಿ ಒಂದು ಬದಿಗೆ ಸಾಕ್ಷಿ ದೀಪವನ್ನು 30 ಸೆಂ.ಮೀ. ದೂರದಲ್ಲಿಡಿ, ಇನ್ನೊಂದು ಬದಿಗೆ ಪರೀಕ್ಷೆಯ ದೀಪ. ಎರಡೂ ನೇರ ಎಣ್ಣೆಬೊಟ್ಟಿಗೆ ಮುಖ ಮಾಡಿರಲಿ. ಪರೀಕ್ಷೆಯ ದೀಪವನ್ನು ಹಿಂದೆ ಮುಂದೆ ಸರಿಸುತ್ತಾ ಹೋಗಿ. ಎಣ್ಣೆಬೊಟ್ಟು ಎಲ್ಲಿ ಕಾಣದಂತಾಗುತ್ತದೋ ಅಲ್ಲಿ ಎರಡೂ ಬದಿಯ ಬೆಳಕು ಸಮ. ಆಗಿನ ದೂರವನ್ನು 30ರಿಂದ ಭಾಗಿಸಿ, ಬಂದದ್ದನ್ನು ಅದರಿಂದಲೇ ಗುಣಿಸಿ. ಸಾಕ್ಷಿಗಿಂತ ಎಷ್ಟು ಪಟ್ಟು ಬೆಳಕು ಎಂಬ ಲೆಕ್ಕ ಸಿಗುತ್ತದೆ.

ಉದಾಹರಣೆಗೆ, ಮೂರನೆಯ ದೀಪ 38 ಸೆಂ.ಮೀ.ಗೆ ಸಮವಾದರೆ ಬೆಳಕು 1.6 ಪಟ್ಟು. ಕರೆಂಟು ಹೆಚ್ಚುಕಡಿಮೆ ಇಮ್ಮಡಿ, ಬೆಳಕು ಮಾತ್ರ ಒಂದೂವರೆಗಿಂತ ಸ್ವಲ್ಪ ಮೇಲೆ. ಮೊದಲನೆಯದು 22 ಸೆಂ.ಮೀ.ಗೆ ಸಮವಾದರೆ ಬೆಳಕು 0.54. ಎಂದರೆ ಅರ್ಧ ಕರೆಂಟಿಗೆ ಅರ್ಧಕ್ಕಿಂತ ಜಾಸ್ತಿ ಬೆಳಕು! ದೊಡ್ಡ ಎಲ್‌ಇಡಿಯಲ್ಲೂ ಹೀಗೆಯೇ: 350 ಇದ್ದದ್ದನ್ನು 700 ಮಾಡಿದರೆ ಬೆಳಕು ಸುಮಾರು 1.7 ಪಟ್ಟು, ಬ್ಯಾಟರಿ ಖರ್ಚು ಮಾತ್ರ ಇಮ್ಮಡಿಗಿಂತ ಹೆಚ್ಚು.

ಬಾಳಿಕೆಯ ಪರೀಕ್ಷೆ

ಈಗ ಮೊದಲ ಮೂರು ದೀಪಗಳನ್ನು ಹಗಲುರಾತ್ರಿ ಉರಿಯಲು ಬಿಡಿ. 1000 ಗಂಟೆಗೆ 42 ದಿನ. ದಿನಕ್ಕೆ 4 ಗಂಟೆ ದೀಪ ಹಚ್ಚುವ ಮನೆಯಲ್ಲಿ ಇದು 250 ದಿನದ ಬಳಕೆ. ಕರೆಂಟು ಹೋದ ಸಮಯವನ್ನು ಕಳೆಯಿರಿ. ವಾರಕ್ಕೊಮ್ಮೆ ಸಾಕ್ಷಿ ದೀಪದೊಂದಿಗೆ ಅಳೆದು ದೂರ ಬರೆಯಿರಿ.

ಎಲ್‌ಇಡಿ ಸಾಮಾನ್ಯವಾಗಿ ಒಮ್ಮೆಲೇ ಕೆಡುವುದಿಲ್ಲ, ಮೆಲ್ಲಗೆ ಮಂಕಾಗುತ್ತದೆ. ಅದಕ್ಕೇ ಮೊದಲಿನ ಬೆಳಕಿನ ನೂರಕ್ಕೆ 70 ಪಾಲು ಉಳಿಯುವವರೆಗಿನ ಸಮಯವನ್ನು ಅದರ ಆಯಸ್ಸು ಎಂದು ತಜ್ಞರು ಎಣಿಸುತ್ತಾರೆ. ನಮ್ಮ ಪಟ್ಟಿಯಲ್ಲಿ ಇದನ್ನು ಗುರುತಿಸುವುದು ಸುಲಭ: 30 ಇದ್ದದ್ದು 25ಕ್ಕೆ, 38 ಇದ್ದದ್ದು 32ರ ಹತ್ತಿರಕ್ಕೆ ಇಳಿದರೆ ಆ ದೀಪದ ಆಯಸ್ಸು ಮುಗಿಯಿತು ಎಂದು ಬರೆಯಿರಿ. ನಾವು ಸಂಘದ ಹುಡುಗಿಯರ ಜತೆ ಮಾಡಿದಾಗ ಮೊದಲು ಮಂಕಾದದ್ದು, ಮೊದಲ ರಾತ್ರಿ ಎಲ್ಲರೂ ಮೆಚ್ಚಿದ ಆ ಮೂರನೆಯ ದೀಪವೇ.

ಕಂಪನಿಗಳೂ ಹೀಗೆಯೇ ಪರೀಕ್ಷಿಸುತ್ತವೆ. 2008ರಲ್ಲಿ ಅಮೆರಿಕದಲ್ಲಿ ಗೊತ್ತುಮಾಡಿದ ಎಲ್‌ಎಂ-80 ಎಂಬ ವಿಧಾನದಲ್ಲಿ ಎಲ್‌ಇಡಿಯನ್ನು ಬೇರೆ ಬೇರೆ ಬಿಸಿಯಲ್ಲಿ ಕನಿಷ್ಠ 6000 ಗಂಟೆ ಉರಿಸಿ ಬೆಳಕು ಅಳೆಯಬೇಕೆಂದಿತ್ತು.

ಯಾಕೆ ಹೀಗಾಗುತ್ತದೆ?

ಎಲ್‌ಇಡಿಯ ಶತ್ರು ಬಿಸಿ. ಕರೆಂಟು ಜಾಸ್ತಿಯಾದಾಗ ಬೆಳಕಾಗದೆ ಉಳಿದ ಪಾಲೆಲ್ಲ ಒಳಗೇ ಬಿಸಿಯಾಗುತ್ತದೆ. ಬಿಸಿಯಿಂದ ಒಳಗಿನ ಚಿಪ್ಪು ಸವೆಯುತ್ತದೆ, ಮೇಲಿನ ಪಾರದರ್ಶಕ ಅಂಟು ಹಳದಿಯಾಗುತ್ತದೆ. ಕರಾವಳಿಯ ಸೆಖೆಯಲ್ಲಿ, ಗಾಳಿಯಾಡದ ಪ್ಲಾಸ್ಟಿಕ್ ಕವಚದಲ್ಲಿ ಈ ಬಿಸಿ ಹೊರಗೆ ಹೋಗಲು ದಾರಿಯೇ ಇಲ್ಲ.

ಸೋಲಾರ್ ದೀಪದಲ್ಲಿ ಇನ್ನೊಂದು ತೊಂದರೆ ಇದೆ. ಅಗ್ಗದ ದೀಪಗಳಲ್ಲಿ ಮೂರು ಎಲ್‌ಇಡಿ ಸಾಲಾಗಿ ಜೋಡಿಸಿ ಒಂದು ರೆಸಿಸ್ಟರ್ ಇಡುವುದುಂಟು. ಮೂರು ಎಲ್‌ಇಡಿಗೆ ಸುಮಾರು 9.6 ವೋಲ್ಟ್ ಹೋದರೆ ಉಳಿಯುವುದು 2.4. ಬಿಸಿಲಿನಲ್ಲಿ ಚಾರ್ಜ್ ಆಗುವಾಗ ಬ್ಯಾಟರಿ 14 ವೋಲ್ಟ್ ದಾಟುತ್ತದೆ. ಆಗ ದೀಪ ಹಚ್ಚಿದರೆ ಉಳಿಕೆ ವೋಲ್ಟ್ ಹೆಚ್ಚುಕಡಿಮೆ ಇಮ್ಮಡಿ, ಕರೆಂಟೂ ಅದೇ ದಾರಿ. ಕರೆಂಟನ್ನು ಒಂದೇ ಸಮ ಇಡುವ ಡ್ರೈವರ್ ಇರುವ ದೀಪಕ್ಕೆ ಈ ಭಯ ಇಲ್ಲ.

ಹಾಗಾದರೆ ಹೆಚ್ಚು ಬೆಳಕು ಬೇಕಾದರೆ?

ಒಂದು ಎಲ್‌ಇಡಿಗೆ 36 ಮಿಲಿ ಆಂಪಿಯರ್ ತುರುಕಬೇಡಿ. ಎರಡಕ್ಕೆ 18ರಂತೆ ಹಂಚಿ, ಎರಡಕ್ಕೂ ಬೇರೆ ಬೇರೆ ರೆಸಿಸ್ಟರ್ ಇರಲಿ. ಅದೇ ಕರೆಂಟು, ಬೆಳಕು ಜಾಸ್ತಿ, ಬಾಳಿಕೆಯೂ ಜಾಸ್ತಿ. ಹೊರೆ ಹಂಚಿಕೊಂಡರೆ ಹಗುರ ಅಂತ ಸಂಘದವರಿಗೆ ನಾವು ಹೇಳಿಕೊಡಬೇಕಾಗಿಲ್ಲ.

ಖರೀದಿಸುವಾಗ:

1. ಅಂಗಡಿಯಲ್ಲಿ ಕಣ್ಣು ಕುಕ್ಕುವ ಬೆಳಕನ್ನು ನೋಡಿ ತೀರ್ಮಾನಿಸಬೇಡಿ. ಎಲ್‌ಇಡಿಯ ಕರೆಂಟು ಎಷ್ಟು, ಡ್ರೈವರ್ ಇದೆಯೇ ಎಂದು ಕೇಳಿ.
2. ಮನೆಬಲ್ಬಿನ ಡಬ್ಬಿಯಲ್ಲಿ ವ್ಯಾಟ್ ಜತೆಗೆ ಲ್ಯೂಮೆನ್ ನೋಡಿ. ಬಿಐಎಸ್ ಗುರುತು ಮತ್ತು 'ಆರ್' ಅಕ್ಷರದಿಂದ ಆರಂಭವಾಗುವ ನೋಂದಣಿ ಸಂಖ್ಯೆ ಇರಬೇಕು.
3. ಗ್ಯಾರಂಟಿಯ ಅವಧಿ ಸಾಲದ ಕಂತಿನ ಅವಧಿಗಿಂತ ಕಡಿಮೆ ಇದ್ದರೆ ಸಭೆಯಲ್ಲಿ ಚರ್ಚಿಸದೆ ಸಹಿ ಹಾಕಬೇಡಿ. ಬಿಲ್ಲು ಜೋಪಾನ.
4. ದೀಪಕ್ಕೆ ಗಾಳಿಯಾಡಲಿ. ಒಲೆಯ ಮೇಲೆ ಕಟ್ಟಬೇಡಿ.

ಸಭೆಯಲ್ಲಿ ಚರ್ಚೆಗೆ

– ನಿಮ್ಮ ಮನೆಯ ದೀಪ ಮೊದಲಿನಷ್ಟೇ ಬೆಳಗುತ್ತಿದೆಯೇ? ಹೇಗೆ ಹೇಳುವಿರಿ?
– ದಿನಕ್ಕೆ ಎಷ್ಟು ಗಂಟೆ ಉರಿಯುತ್ತದೆ? ವರ್ಷಕ್ಕೆ ಎಷ್ಟಾಯಿತು?
– ದೀಪ ಕೊಳ್ಳುವ ಮೊದಲು ಯಾರ ಮಾತು ಕೇಳಿದಿರಿ? ಅವರು ಯಾವುದನ್ನು ಅಳೆದು ನೋಡಿದ್ದರು?

ಆ ಹೊನ್ನಾವರದ ದೀಪಗಳಿಗೆ ಮತ್ತೆ ಹಳೆಯ ರೆಸಿಸ್ಟರ್ ಹಾಕಿಸಿದೆವು. ಆದರೆ ಕಳೆದ ಬೆಳಕು ತಿರುಗಿ ಬರಲಿಲ್ಲ, ಎಲ್‌ಇಡಿಗಳನ್ನೇ ಬದಲಾಯಿಸಬೇಕಾಯಿತು. ಖರ್ಚನ್ನು ಸಂಘದವರೂ ನಾವೂ ಹಂಚಿಕೊಂಡೆವು. ರೆಸಿಸ್ಟರ್ ಬದಲಾಯಿಸಿದ್ದ ಹುಡುಗನೇ ಕೂತು, ಮೀಟರ್ ಹಿಡಿದು ಒಂದೊಂದನ್ನೂ ಅಳೆದು ಜೋಡಿಸಿದ. ಹೊಸ ದೀಪ ಹಚ್ಚಿದ ಸಂಜೆ ಆ ಅಕ್ಕ ಸೂಜಿಗೆ ದಾರ ಹಾಕಿ ತೋರಿಸಿದರು. "ಕಣ್ಣು ಸರಿ ಇದ್ಯಲ್ಲ ಸಿಸ್ಟರ್!" ಅಂದರು.